ಆಕಾಶಮಾರ್ಗದಲ್ಲಿ ಅಸ್ಥಿವಿಸರ್ಜನೆ

ಮನುಷ್ಯದೇಹವನ್ನು ಅಗ್ನಿಗೆ ಒಪ್ಪಿಸಿದ ಮೇಲೆ ಉಳಿಯುವುದು ಅತ್ಯಲ್ಪ. ಬಹುಕಾಲ ನಡೆದಾಡಿ, ದುಡಿದು, ಮಕ್ಕಳನ್ನು ಎತ್ತಿ ಆಡಿಸಿ, ಸಿಟ್ಟು ಮಾಡಿ, ಸಮಾಧಾನ ಹೇಳಿ, ಒಂದು ಮನೆಯನ್ನೇ ತುಂಬಿಕೊಂಡಿದ್ದ ಜೀವವೊಂದು ಚಿತಾಗಾರದ ಕುಲುಮೆಯೊಳಗೆ 800–900 ಡಿಗ್ರಿ ಸೆಲ್ಸಿಯಸ್ ಶಾಖದಲ್ಲಿ ಒಂದೂವರೆ ಎರಡು ಗಂಟೆಗಳ ಕಾಲ ಇದ್ದು ಹೊರಬಂದಾಗ, ಎರಡರಿಂದ ಮೂರು ಕಿಲೋಗ್ರಾಂ ತೂಕದ ಸುಟ್ಟ ಮೂಳೆಯಷ್ಟೇ ಆಗಿರುತ್ತದೆ. ಆ ಶೇಷವನ್ನು ಏನು ಮಾಡಬೇಕು, ಎಲ್ಲಿ ಬಿಡಬೇಕು, ಯಾರು ಬಿಡಬೇಕು ಎಂಬ ಪ್ರಶ್ನೆಗೆ ದಹನಸಂಸ್ಕಾರವುಳ್ಳ ಜನಾಂಗಗಳೆಲ್ಲ ತಮ್ಮ ತಮ್ಮ ಭೂಮಿಗೂ ನಂಬಿಕೆಗೂ ಒಪ್ಪುವ ಉತ್ತರವನ್ನು ಕಂಡುಕೊಂಡಿವೆ. ಈಚೆಗೆ ಬ್ರಿಟನ್, ಅಮೆರಿಕ ಮೊದಲಾದ ದೇಶಗಳಲ್ಲಿ ಆ ಉತ್ತರಗಳ ಸಾಲಿಗೆ ಮತ್ತೊಂದು ಸೇರಿದೆ: ಮಡಿದವರ ಭಸ್ಮವನ್ನು ಡ್ರೋನಿನ ಕೆಳಗೆ ಕಟ್ಟಿದ ಪಾತ್ರೆಯಲ್ಲಿ ತುಂಬಿ, ಅವರು ಪ್ರೀತಿಸಿದ ಗುಡ್ಡದ ಮೇಲೋ, ಕಡಲಿನ ಮೇಲೋ, ಕಾಡಿನ ಅಂಚಿನಲ್ಲೋ ಆಕಾಶದಿಂದ ಚೆಲ್ಲುವುದು. ಕೇಳಿದ ಕೂಡಲೇ ಕೆಲವರಿಗೆ ಇದು ಅಪಚಾರವೆನಿಸುತ್ತದೆ, ಕೆಲವರಿಗೆ ಸೊಗಸೆನಿಸುತ್ತದೆ. ಇವೆರಡು ಭಾವಗಳನ್ನೂ ಸ್ವಲ್ಪ ಹೊತ್ತು ಬದಿಗಿರಿಸಿ, ಈ ಕ್ರಿಯೆ ಹೇಗೆ ನಡೆಯುತ್ತದೆ, ಇದಕ್ಕೆ ಗಾಳಿಯೂ ಕಾನೂನೂ ಭೂಮಿಯೂ ಹಾಕುವ ಕಟ್ಟುಗಳಾವುವು, ನಮ್ಮ ಸಂಸ್ಕಾರದೊಡನೆ ಇದು ಹೊಂದಬಲ್ಲುದೆ ಎಂಬುದನ್ನು ನಿಧಾನವಾಗಿ ವಿಚಾರಿಸುವುದು ಯುಕ್ತ.

ಮೊದಲು ನಮ್ಮಲ್ಲಿರುವುದನ್ನು ನೋಡೋಣ. ಸೌದೆಯ ಚಿತೆಯಲ್ಲಿ ಬೆಂದ ದೇಹದ ಅಸ್ಥಿಯನ್ನು ಸಾಮಾನ್ಯವಾಗಿ ಮೂರನೆಯ ದಿನ ಆಯುತ್ತಾರೆ. ನೀರು, ಹಾಲು ಚಿಮುಕಿಸಿ ಕಾವಾರಿಸಿದ ಬೂದಿಯ ಮುಂದೆ ಕರ್ತೃವಾದವನು ಕುಳಿತು, ಕಾಲಿನ ಕಡೆಯಿಂದ ತೊಡಗಿ ತಲೆಯ ಕಡೆಗೆ ಸಾಗುತ್ತ, ಬೆರಳುದ್ದದ, ಉಗುರಗಲದ, ಬೆಳ್ಳಗೆ ಬೆಂದು ಹಗುರವಾದ ಮೂಳೆಯ ತುಂಡುಗಳನ್ನು ಒಂದೊಂದಾಗಿ ಎತ್ತಿ ಹೊಸ ಮಡಕೆಯಲ್ಲಿ ಇಡುತ್ತಾನೆ; ಮಡಕೆಯ ಬಾಯಿಗೆ ಬಟ್ಟೆ ಕಟ್ಟುತ್ತಾರೆ; ಅದೇ ದಿನ ಹೊಳೆಗೆ ಹೋಗಲಾಗದಿದ್ದರೆ ಮನೆಯೊಳಕ್ಕೆ ತಾರದೆ ಮರದ ಕೊಂಬೆಗೆ ತೂಗಹಾಕುವ ವಾಡಿಕೆಯೂ ಉಂಟು. ತನ್ನ ತಂದೆಯ ಅಥವಾ ತಾಯಿಯ ಮೂಳೆಯನ್ನು ತನ್ನ ಕೈಬೆರಳುಗಳಿಂದಲೇ ಆಯ್ದ ಮಗನಿಗೆ, ಸಾವು ನಿಜವಾಗಿ ನಡೆದುಹೋಯಿತೆಂಬುದನ್ನು ಬೇರೆ ಯಾರೂ ಹೇಳಬೇಕಾಗಿಲ್ಲ. ಲಿಂಗಾಯತರಿಗೂ, ಮುಸಲ್ಮಾನರಿಗೂ, ಬಹುಮಟ್ಟಿಗೆ ಕ್ರೈಸ್ತರಿಗೂ ಹೂಳುವುದೇ ಸಂಪ್ರದಾಯವಾದುದರಿಂದ ಅವರಿಗೆ ಈ ಪ್ರಶ್ನೆ ಎದುರಾಗುವುದಿಲ್ಲ. ಉಳಿದವರು ಹಳೆಯ ಮೈಸೂರಿನ ಕಡೆ ಶ್ರೀರಂಗಪಟ್ಟಣದ ಪಶ್ಚಿಮವಾಹಿನಿಗೋ ತಿರುಮಕೂಡಲು ನರಸೀಪುರಕ್ಕೋ, ಮಲೆನಾಡಿನಲ್ಲಿ ತುಂಗೆ ಭದ್ರೆಯರು ಕೂಡುವ ಕೂಡಲಿಗೋ, ಕರಾವಳಿಯಲ್ಲಿ ಗೋಕರ್ಣಕ್ಕೋ ಮಡಕೆಯನ್ನು ಹೊತ್ತು ನಡೆಯುತ್ತಾರೆ.

ಪಶ್ಚಿಮವಾಹಿನಿಯಲ್ಲಿ ಕಾವೇರಿಯ ಕವಲೊಂದು ಪಡುವಣಕ್ಕೆ ತಿರುಗಿ ಹರಿಯುತ್ತದೆ. ಅಲ್ಲಿನ ಮಂಟಪಗಳ ನೆರಳಿನಲ್ಲಿ ಯಾವ ದಿನ ಹೋಗಿ ನಿಂತರೂ, ತಲೆ ಬೋಳಿಸಿಕೊಂಡ ಮಗನೊಬ್ಬ ಒದ್ದೆ ಪಂಚೆಯಲ್ಲಿ ಮೆಟ್ಟಿಲಿಳಿದು, ಸೊಂಟಮಟ್ಟದ ನೀರಿನಲ್ಲಿ ನಿಂತು, ಪುರೋಹಿತರು ಹೇಳಿದಂತೆ ಮಡಕೆಯನ್ನು ನೀರಿಗೆ ಬಿಟ್ಟು, ಮುಳುಗೆದ್ದು ಮೇಲೆ ಬರುವುದನ್ನು ಕಾಣಬಹುದು. 1948ರಲ್ಲಿ ಮಹಾತ್ಮ ಗಾಂಧಿಯವರ ಚಿತಾಭಸ್ಮದ ಅಂಶವನ್ನು ಬಿಟ್ಟದ್ದೂ ಇದೇ ತಾಣದಲ್ಲಿ. ಆದರೆ ಅದೇ ಮೆಟ್ಟಿಲುಗಳ ಕೆಳಗೆ, ನೀರು ಇಳಿದ ದಿನಗಳಲ್ಲಿ, ಕಳಚಿ ಬಿಸುಟ ಸೀರೆ ಪಂಚೆಗಳೂ, ಒಡೆದ ಮಡಕೆಯ ಚೂರುಗಳೂ, ಪ್ಲಾಸ್ಟಿಕ್ ಚೀಲಗಳೂ ಕೆಸರಿನಲ್ಲಿ ಹೂತು ಕೊಳೆಯುತ್ತಿರುತ್ತವೆ. ಮೂಳೆಯನ್ನು ನದಿ ಸಾವಿರಾರು ವರ್ಷದಿಂದ ಅರಗಿಸಿಕೊಂಡು ಬಂದಿದೆ. ಮೂಳೆಯ ಜೊತೆಗೆ ನಾವು ಎಸೆಯುವುದನ್ನು ಅದು ಅರಗಿಸಲಾರದು. ನೀರೊಂದೇ ಅಲ್ಲದೆ ಬೇರೆ ದಾರಿಯೂ ಉಂಟೇ ಎಂದು ಕೇಳುವವರನ್ನು ಬರಿಯ ಹೊಸತನದ ಮೋಹಿಗಳೆಂದು ತಳ್ಳಿಹಾಕಲಾಗದಿರುವುದಕ್ಕೆ ಈ ನೋಟವೇ ಸಾಕಾದ ಕಾರಣ.

ಪಾಶ್ಚಾತ್ಯ ದೇಶಗಳಲ್ಲಿ ಈ ಪ್ರಶ್ನೆ ಬೇರೊಂದು ಬಗೆಯಲ್ಲಿ ಹುಟ್ಟಿತು. ಶತಮಾನಗಳ ಕಾಲ ಹೂಳುವುದನ್ನೇ ಧರ್ಮವೆಂದು ನಂಬಿದ್ದ ಇಂಗ್ಲೆಂಡಿನಲ್ಲಿ, ಸರ್ ಹೆನ್ರಿ ಥಾಂಪ್ಸನ್ ಎಂಬ ಶಸ್ತ್ರವೈದ್ಯನ ಮುಂದಾಳ್ತನದಲ್ಲಿ 1874ರಲ್ಲಿ ದಹನಪ್ರಚಾರಕ ಸಂಘವೊಂದು ಸ್ಥಾಪಿತವಾಯಿತು. 1884ರಲ್ಲಿ ವೇಲ್ಸಿನ ವಿಲಿಯಂ ಪ್ರೈಸ್ ಎಂಬ ವೃದ್ಧ ವೈದ್ಯ ತನ್ನ ಶಿಶುವಿನ ಶವವನ್ನು ಗುಡ್ಡದ ಮೇಲೆ ದಹಿಸಹೊರಟು ಬಂಧಿತನಾದಾಗ, ಪರರಿಗೆ ಉಪದ್ರವವಾಗದಂತೆ ನಡೆಸಿದ ದಹನ ಅಪರಾಧವಲ್ಲವೆಂದು ನ್ಯಾಯಾಲಯ ತೀರ್ಪಿತ್ತಿತು. ಮರುವರ್ಷ ವೋಕಿಂಗ್‌ನ ಚಿತಾಗಾರದಲ್ಲಿ ಮೊದಲ ದಹನ ನಡೆಯಿತು. 1902ರಲ್ಲಿ ಶಾಸನವೂ ಬಂದಿತು. ಈಗ ಆ ದೇಶದಲ್ಲಿ ಸಾಯುವವರಲ್ಲಿ ಬಹುಪಾಲು ಮಂದಿಗೆ ದಹನವೇ ಆಗುತ್ತದೆ. ಆದರೆ ದಹನವನ್ನು ಸ್ವೀಕರಿಸಿದ ಸಮಾಜಕ್ಕೆ ದಹನಾನಂತರದ ವಿಧಿಯೊಂದು ಸಿದ್ಧವಾಗಿರಲಿಲ್ಲ. ಚಿತಾಗಾರದವರು ಮೂಳೆಯನ್ನು ತಣಿಸಿ, ಲೋಹದ ಚೂರುಗಳನ್ನು ಬೇರ್ಪಡಿಸಿ, ಯಂತ್ರದಲ್ಲಿ ಪುಡಿಮಾಡಿ, ದಪ್ಪ ರವೆಗೆ ಸುಣ್ಣದ ಪುಡಿ ಬೆರೆಸಿದಂತೆ ಕಾಣುವ ಬೂದುಬಣ್ಣದ ವಸ್ತುವನ್ನು ಚೀಲವೊಂದರಲ್ಲಿ ಕಟ್ಟಿ, ಪೆಟ್ಟಿಗೆಯಲ್ಲಿಟ್ಟು, ಮನೆಯವರ ಕೈಗೆ ಕೊಡುತ್ತಾರೆ. ಮುಂದಿನದು ಅವರವರ ಪಾಡು. ಗಂಗೆಯಂತೆ ಎಲ್ಲರೂ ಒಪ್ಪಿದ ತೀರ್ಥವಿಲ್ಲದ ಕಡೆ, ಸತ್ತವನು ಹತ್ತಿದ ಬೆಟ್ಟವೇ, ಮೀನು ಹಿಡಿದ ತೊರೆಯೇ, ಓದಿ ಮೆಚ್ಚಿದ ಕಾದಂಬರಿಕಾರ್ತಿಯ ಮನೆಯ ತೋಟವೇ ತೀರ್ಥವಾಯಿತು. ಹೀಗೆ ತೀರ್ಥವನ್ನು ಪ್ರತಿಯೊಬ್ಬನಿಗೂ ಬೇರೆಬೇರೆಯಾಗಿ ಹುಡುಕಬೇಕಾಗಿ ಬಂದ ಸಮಾಜದಲ್ಲಿ, ಕಾಲು ಹೋಗದ ಕಡೆಗೂ ಹೋಗಬಲ್ಲ ಯಂತ್ರಕ್ಕೆ ಕರೆ ಬಂದುದು ಸಹಜವೇ ಸರಿ.

ಆಕಾಶದಿಂದ ಭಸ್ಮವನ್ನು ಚೆಲ್ಲುವ ಕಲ್ಪನೆ ಮಾತ್ರ ಡ್ರೋನಿಗಿಂತ ಹಳೆಯದು. ಅದಕ್ಕೆ ಅತ್ಯಂತ ಗಂಭೀರವಾದ ನಿದರ್ಶನ ನಮ್ಮ ದೇಶದ್ದೇ. ಜವಾಹರಲಾಲ್ ನೆಹರೂ ಅವರು 1954ರ ಜೂನ್ 21ರಂದು ಬರೆದಿಟ್ಟ ಮೃತ್ಯುಪತ್ರದಲ್ಲಿ, ತಮ್ಮ ಭಸ್ಮದ ಒಂದು ಹಿಡಿಯನ್ನು ಪ್ರಯಾಗದಲ್ಲಿ ಗಂಗೆಗೆ ಬಿಡಬೇಕೆಂದೂ, ಇದಕ್ಕೆ ಧಾರ್ಮಿಕವಾದ ಉದ್ದೇಶವಿಲ್ಲದೆ ಬಾಲ್ಯದಿಂದ ಆ ನದಿಯೊಡನೆ ಬೆಳೆದ ಪ್ರೀತಿಯೇ ಕಾರಣವೆಂದೂ, ಉಳಿದ ಬಹುಭಾಗವನ್ನು ವಿಮಾನದಲ್ಲಿ ಎತ್ತರಕ್ಕೆ ಒಯ್ದು ರೈತರು ದುಡಿಯುವ ಹೊಲಗಳ ಮೇಲೆ ಚೆಲ್ಲಬೇಕೆಂದೂ, ಯಾವ ಅಂಶವನ್ನೂ ಎತ್ತಿಡಕೂಡದೆಂದೂ ವಿಧಿಸಿದ್ದರು. 1964ರ ಮೇ 27ರಂದು ಅವರು ತೀರಿಕೊಂಡ ಬಳಿಕ, ಜೂನ್ ತಿಂಗಳಲ್ಲಿ ಸಂಗಮದ ವಿಸರ್ಜನೆಯೂ, ತರುವಾಯ ವಿಮಾನಗಳಿಂದ ದೇಶದ ನಾನಾ ಭಾಗಗಳ ಮೇಲೆ ಭಸ್ಮವನ್ನು ಚೆಲ್ಲುವ ಕಾರ್ಯವೂ ನೆರವೇರಿದುವು. ಇಪ್ಪತ್ತು ವರ್ಷಗಳ ಅನಂತರ, 1984ರ ನವೆಂಬರಿನಲ್ಲಿ, ಇಂದಿರಾ ಗಾಂಧಿಯವರ ಭಸ್ಮವನ್ನು ಮಗ ರಾಜೀವ್ ವಾಯುಪಡೆಯ ವಿಮಾನದಿಂದ ಹಿಮಾಲಯದ ಶಿಖರಗಳ ಮೇಲೆ ಚೆಲ್ಲಿದರು. ಚೀನದಲ್ಲಿ 1976ರ ಜನವರಿಯಲ್ಲಿ ಚೌ ಎನ್‌ಲಾಯ್ ಅವರ ಭಸ್ಮವನ್ನು, ಹೊಲಗಳಿಗೆ ಔಷಧಿ ಸಿಂಪಡಿಸುವ ಬಗೆಯ ಪುಟ್ಟ ವಿಮಾನವೊಂದರಿಂದ ನದಿಗಳ ಮೇಲೂ ಹಳದಿ ನದಿಯ ಮುಖದಲ್ಲೂ ಚೆಲ್ಲಲಾಯಿತು. 1997ರ ಮಾರ್ಚಿನಲ್ಲಿ ಡೆಂಗ್ ಶಿಯಾವೊಪಿಂಗ್ ಅವರದು ವಿಮಾನದಿಂದಲೇ ಸಮುದ್ರಕ್ಕೆ ಸೇರಿತು. ಆಗ ಪ್ರಧಾನಿಗಳಿಗೂ ರಾಷ್ಟ್ರನಾಯಕರಿಗೂ ಮಾತ್ರ ಸಾಧ್ಯವಾಗಿದ್ದುದು ಈಗ ಒಬ್ಬ ಶಾಲಾಮಾಸ್ತರರ ಮನೆಯವರಿಗೂ ಸಾಧ್ಯವಾಗಿದೆ. ಡ್ರೋನು ತಂದಿರುವ ನಿಜವಾದ ವ್ಯತ್ಯಾಸ ಇದು.

ಈ ಕೆಲಸಕ್ಕೆ ಬಳಸುವ ಯಂತ್ರ ಮದುವೆಮನೆಯಲ್ಲಿ ಚಿತ್ರ ತೆಗೆಯುವ ಅಂಗೈಯಗಲದ ಡ್ರೋನಲ್ಲ. ಎರಡು ಮೂರು ಕಿಲೋ ಭಾರವನ್ನು ಎತ್ತಿಕೊಂಡು ಸ್ಥಿರವಾಗಿ ನಿಲ್ಲಬೇಕಾದರೆ ನಾಲ್ಕು, ಆರು ಅಥವಾ ಎಂಟು ತೋಳುಗಳ, ಗದ್ದೆಗೆ ಔಷಧಿ ಹೊಡೆಯುವ ಡ್ರೋನಿನ ವರ್ಗಕ್ಕೆ ಸೇರಿದ ಯಂತ್ರ ಬೇಕು. ಅದರ ಹೊಟ್ಟೆಯ ಕೆಳಗೆ, ಎರಡು ಎತ್ತರದ ಕಾಲುಗಳ ನಡುವೆ, ಆಲಿಕೆಯಂತೆ ತಳ ಕಿರಿದಾದ ಪಾತ್ರೆಯೊಂದು ತೂಗಾಡದಂತೆ ಬಿಗಿಯಾಗಿರುತ್ತದೆ. ತಳದಲ್ಲಿ ಅಂಗೈಯಷ್ಟು ಅಗಲದ ಮುಚ್ಚಳ. ಮುಚ್ಚಳವನ್ನು ಹಿಡಿದ ಬೆರಳ ಗಾತ್ರದ ಮೋಟಾರು. ನೆಲದ ಮೇಲೆ ನಿಂತವರ ಕೈಯ ನಿಯಂತ್ರಕದಲ್ಲಿ ಒಂದು ಗುಂಡಿಯನ್ನು ಒತ್ತಿದರೆ ಮುಚ್ಚಳ ತೆರೆಯುತ್ತದೆ. ಹಾರಿಸುವವರು ಮುಂಚಿತವಾಗಿಯೇ ಭಸ್ಮವನ್ನು ಜರಡಿ ಹಿಡಿದು, ತೇವದಿಂದ ಗಂಟುಕಟ್ಟಿದ್ದರೆ ಒಣಗಿಸಿ, ಪಾತ್ರೆಗೆ ತುಂಬುತ್ತಾರೆ. ಇಲ್ಲವಾದರೆ ಬಾಯಲ್ಲಿ ಕಟ್ಟಿಕೊಂಡು ನಿಂತು, ಯಂತ್ರ ಅರ್ಧ ಭಾರದೊಡನೆಯೇ ಹಿಂದಿರುಗುವ ಸಂಕಟದ ಪ್ರಸಂಗ ಒದಗುತ್ತದೆ. ರೆಕ್ಕೆಗಳು ಗಾಳಿಯನ್ನು ಬಿರುಸಾಗಿ ಕೆಳಕ್ಕೆ ತಳ್ಳುವುದರಿಂದ, ಒಂದೇ ಕಡೆ ನಿಂತು ಪುಡಿಯನ್ನು ಬಿಟ್ಟರೆ ಅದು ಕೆಳಗಿಳಿದು, ಸುಳಿದು, ಮರಳಿ ಮೋಟಾರುಗಳತ್ತ ಏರುವ ಸಂಭವವಿದೆ. ಆದಕಾರಣ ಮೆಲ್ಲನೆ ಮುಂದೆ ಸಾಗುತ್ತಲೇ ಬಿಡಬೇಕು. ಮುಚ್ಚಳ ತೆರೆದ ಮೇಲೆ ಪಾತ್ರೆ ಬರಿದಾಗುವುದು ಕೆಲವೇ ಕ್ಷಣಗಳಲ್ಲಿ. ಬಿಸಿಲು ಹಿಂದಿನಿಂದ ಬಿದ್ದರೆ ಒಂದು ನೀಳವಾದ ಬಿಳಿಯ ತೆರೆ ಇಳಿದು ಹರಡಿ ಮರೆಯಾಗುವುದು ಕಾಣುತ್ತದೆ. ಮೋಡ ಕವಿದ ದಿನ ಅದೂ ಕಾಣುವುದಿಲ್ಲ.

ಕೆಳಗಿಳಿಯುವ ಭಸ್ಮ ಎಲ್ಲಿ ಹೋಗಿ ಸೇರುತ್ತದೆಂಬುದನ್ನು ಯಂತ್ರಕ್ಕಿಂತ ಹೆಚ್ಚಾಗಿ ಗಾಳಿ ನಿರ್ಣಯಿಸುತ್ತದೆ. ಮಿಲಿಮೀಟರ್ ಗಾತ್ರದ ಮೂಳೆಯ ಹರಳು ಸೆಕೆಂಡಿಗೆ ಐದಾರು ಮೀಟರ್ ವೇಗದಲ್ಲಿ ಬೀಳುತ್ತದೆ. 30 ಮೀಟರ್ ಎತ್ತರದಿಂದ ಬಿಟ್ಟರೆ ಐದಾರು ಸೆಕೆಂಡಿನಲ್ಲಿ ನೆಲ ಮುಟ್ಟುತ್ತದೆ. ಸೆಕೆಂಡಿಗೆ 3 ಮೀಟರ್‌ನ ಮಂದಮಾರುತ ಬೀಸುತ್ತಿದ್ದರೂ ಅದು ಪಕ್ಕಕ್ಕೆ ಸರಿಯುವುದು ಹದಿನೈದಿಪ್ಪತ್ತು ಮೀಟರಷ್ಟೆ. ಆದರೆ ಅದೇ ಭಸ್ಮದಲ್ಲಿರುವ, ಮಿಲಿಮೀಟರಿನ ಇಪ್ಪತ್ತರಲ್ಲೊಂದಂಶ ಗಾತ್ರದ ನುಣುಪಾದ ಧೂಳು ಸೆಕೆಂಡಿಗೆ 15 ಸೆಂಟಿಮೀಟರ್ ಮಾತ್ರ ಇಳಿಯುವುದರಿಂದ, ಅಷ್ಟೇ ಎತ್ತರವನ್ನು ಇಳಿಯಲು ಮೂರು ನಿಮಿಷಕ್ಕೂ ಮೀರಿದ ಕಾಲವನ್ನು ತೆಗೆದುಕೊಂಡು, ಅದೇ ಮಂದಮಾರುತದಲ್ಲಿ ಅರ್ಧ ಕಿಲೋಮೀಟರಿಗೂ ಆಚೆ ಹೋಗಿ ಬೀಳುತ್ತದೆ. ಅಂದರೆ ಒಬ್ಬನೇ ಮನುಷ್ಯನ ಭಸ್ಮದ ಒಂದು ಭಾಗ ಬಂಧುಗಳು ಆರಿಸಿದ ಬಂಡೆಯ ಮೇಲೆಯೂ, ಇನ್ನೊಂದು ಭಾಗ ಯಾರದೋ ಹಿತ್ತಲಿನ ತುಳಸಿಯ ಮೇಲೆಯೂ ಸೇರಬಹುದು. ಎತ್ತರ ಹೆಚ್ಚಿದಷ್ಟೂ ಶೋಭೆ ಹೆಚ್ಚೆಂದು ಬಗೆಯುವವರು ಈ ಲೆಕ್ಕವನ್ನು ಮನಸ್ಸಿಗೆ ತಂದುಕೊಳ್ಳಬೇಕು. ಈ ಕಾರ್ಯಕ್ಕೆ ಒಪ್ಪುವುದು ಮುಂಜಾನೆಯ ನಿಶ್ಚಲವಾದ ಗಾಳಿ, ಮರದೆತ್ತರಕ್ಕಿಂತ ಬಹಳ ಮೀರದ ಹಾರಾಟ, ಗಾಳಿ ಬರುವ ದಿಕ್ಕಿನಲ್ಲಿ ನಿಂತ ಬಂಧುಗಳು.

ಇಲ್ಲಿ ನಮ್ಮವರು ಗಮನಿಸಬೇಕಾದ, ಈ ವಿಷಯದ ಮರ್ಮವೆಂದು ನಾನು ತಿಳಿದಿರುವ ಅಂಶವೊಂದಿದೆ. ಡ್ರೋನು ಚೆಲ್ಲಬಲ್ಲುದು ಪುಡಿಯನ್ನು. ನಮ್ಮ ಮಡಕೆಯಲ್ಲಿರುವುದು ಮೂಳೆಯ ತುಂಡುಗಳು. ಚಿತೆಯಿಂದ ಆಯ್ದ ಅಸ್ಥಿಯನ್ನು ಹಾಗೆಯೇ ಎತ್ತರದಿಂದ ಬಿಟ್ಟರೆ ಕೆಳಗಿರುವವರಿಗೆ ಅಪಾಯ. ನೆಲದ ಮೇಲೆ ಬಿದ್ದ ತುಂಡು ಯಾರ ಕಾಲಿಗೋ, ಯಾವ ನಾಯಿಯ ಬಾಯಿಗೋ ಸಿಕ್ಕಬಹುದೆಂಬ ಯೋಚನೆಯನ್ನು ಮನಸ್ಸು ಸಹಿಸಲಾರದು. ಹಾಗಾದರೆ ಪುಡಿಮಾಡಬೇಕು. ಪಶ್ಚಿಮದವರಿಗೆ ಇದು ಚಿತಾಗಾರದ ನಿತ್ಯದ ಕೆಲಸ. ಅವರ ಕಣ್ಣಿಗೆ ಬೀಳದೆ ನಡೆದುಹೋಗುತ್ತದೆ. ತಾಯಿಯ ಅಸ್ಥಿಯನ್ನು ಬೆರಳಿನಿಂದ ಆಯ್ದು, ಹಾಲು ಎರೆದು, ಮಡಕೆಯಲ್ಲಿಟ್ಟು ಕೈಮುಗಿದ ಮಗನಿಗೆ ಅದನ್ನು ಯಂತ್ರಕ್ಕೆ ಹಾಕಿ ಅರೆಯಿರೆಂದು ಹೇಳುವುದು ಸಣ್ಣ ಮಾತಲ್ಲ. ನನ್ನ ಮಟ್ಟಿಗೆ ಇದಕ್ಕೆ ಪರಿಹಾರ ನಮ್ಮ ಸಂಪ್ರದಾಯದಲ್ಲಿಯೇ ಇದೆ: ಅಸ್ಥಿಯನ್ನು ಆಯ್ದ ಮೇಲೂ ಚಿತೆಯಲ್ಲಿ ಬೂದಿ ಉಳಿಯುತ್ತದಷ್ಟೆ. ಮೂಳೆ ನೀರಿಗೆ ಸಲ್ಲಲಿ. ಆಕಾಶದಿಂದ ಚೆಲ್ಲಬೇಕೆಂಬ ಆಸೆಯಿದ್ದವರು ಜರಡಿ ಹಿಡಿದ ಆ ಬೂದಿಯ ಒಂದೆರಡು ಬೊಗಸೆಯನ್ನು ಗಾಳಿಗೆ ಒಪ್ಪಿಸಲಿ. ಹೀಗೆ ಮಾಡಿದರೆ ವಿಧಿಗೂ ಲೋಪವಿಲ್ಲ, ಆಸೆಗೂ ಭಂಗವಿಲ್ಲ.

ಇನ್ನು ಕಾನೂನು. ಬ್ರಿಟನ್ನಿನಲ್ಲಿ ಅನುಮತಿಯ ಅಗತ್ಯವಿಲ್ಲದ ಸಾಮಾನ್ಯ ವರ್ಗದ ಹಾರಾಟದಲ್ಲಿ ಡ್ರೋನಿನಿಂದ ಯಾವ ವಸ್ತುವನ್ನೂ ಕೆಳಕ್ಕೆ ಬಿಡಕೂಡದು. ಭಸ್ಮವನ್ನು ಚೆಲ್ಲಬೇಕಾದರೆ ನಾಗರಿಕ ವಿಮಾನಯಾನ ಪ್ರಾಧಿಕಾರದಿಂದ ಪ್ರತ್ಯೇಕವಾದ ಅಧಿಕೃತ ಅನುಮತಿ ಬೇಕು. ಅಮೆರಿಕದಲ್ಲಿ 2016ರಿಂದ ಜಾರಿಯಲ್ಲಿರುವ ನಿಯಮ ಇದಕ್ಕಿಂತ ಸಡಿಲ: ಜನರಿಗೂ ಆಸ್ತಿಗೂ ಅಪಾಯವಾಗದಂತೆ ವಸ್ತುವನ್ನು ಬಿಡಬಹುದು, ಆದರೆ 400 ಅಡಿ ಎತ್ತರವನ್ನು ಮೀರಬಾರದು, ಯಂತ್ರ ಹಾರಿಸುವವನ ದೃಷ್ಟಿಯಿಂದ ಮರೆಯಾಗಬಾರದು. ಆ ದೇಶದ ರಾಷ್ಟ್ರೀಯ ಉದ್ಯಾನಗಳಲ್ಲಿ 2014ರಿಂದ ಡ್ರೋನ್ ಹಾರಾಟಕ್ಕೆ ನಿಷೇಧವಿರುವುದರಿಂದ, ಜನ ಬಹುವಾಗಿ ಆಸೆಪಡುವ ಪರ್ವತ ಕಣಿವೆಗಳು ಈ ವಿಧಾನಕ್ಕೆ ಒದಗುವುದಿಲ್ಲ. ಕಡಲಿನ ಮಾತು ಮತ್ತೂ ಬಿಗಿ. ಅಮೆರಿಕದ ಪರಿಸರ ಸಂರಕ್ಷಣಾ ಇಲಾಖೆಯ ಸಾಮಾನ್ಯ ಅನುಮತಿಯ ಮೇರೆಗೆ ಭಸ್ಮವನ್ನು ದಡದಿಂದ 3 ನಾಟಿಕಲ್ ಮೈಲಿ, ಅಂದರೆ ಸುಮಾರು ಐದೂವರೆ ಕಿಲೋಮೀಟರ್ ಆಚೆಗೆ ಚೆಲ್ಲಿ, 30 ದಿನಗಳೊಳಗೆ ಇಲಾಖೆಗೆ ತಿಳಿಸಬೇಕು. ಅಷ್ಟು ದೂರಕ್ಕೆ ಹೋದ ಯಂತ್ರ ದಡದಲ್ಲಿರುವವನ ಕಣ್ಣಿಗೆ ಕಾಣದಾದುದರಿಂದ, ದೋಣಿಯಲ್ಲಿ ಹೋಗಿ ದೋಣಿಯಿಂದಲೇ ಹಾರಿಸಬೇಕಾಗುತ್ತದೆ. ದೋಣಿಯಲ್ಲಿ ಅಲ್ಲಿಯವರೆಗೆ ಹೋದವರು ಬಾಗಿ ಕೈಯಾರ ಬಿಡುವುದೇ ಮೇಲಲ್ಲವೇ ಎಂದು ನನಗೆ ತೋರುತ್ತದೆ.

ನಮ್ಮ ದೇಶದಲ್ಲಿ 2021ರ ಆಗಸ್ಟ್ 25ರಂದು ಪ್ರಕಟವಾದ ಡ್ರೋನ್ ನಿಯಮಗಳು ಅಸ್ಥಿಯ ಅಥವಾ ಭಸ್ಮದ ಹೆಸರನ್ನು ಎತ್ತುವುದಿಲ್ಲ. ಆದರೆ ಸಾಮಾನ್ಯವಾದ ಕಟ್ಟುಗಳೆಲ್ಲ ಇದಕ್ಕೂ ಅನ್ವಯಿಸುತ್ತವೆ. 2 ಕಿಲೋಗೆ ಮೇಲ್ಪಟ್ಟು 25 ಕಿಲೋವರೆಗಿನ ಯಂತ್ರ ‘ಸಣ್ಣ ಡ್ರೋನ್’ ವರ್ಗಕ್ಕೆ ಸೇರುವುದರಿಂದ, ಅದಕ್ಕೆ ನೋಂದಣಿಸಂಖ್ಯೆಯೂ, ಹಾರಿಸುವವನಿಗೆ ಪೈಲಟ್ ಪ್ರಮಾಣಪತ್ರವೂ, ಮೂರನೆಯವರಿಗಾಗುವ ಹಾನಿಗೆ ವಿಮೆಯೂ ಇರಬೇಕು. ಸರ್ಕಾರದ ವಾಯುಪ್ರದೇಶ ನಕ್ಷೆಯಲ್ಲಿ ಹಸಿರೆಂದು ಗುರುತಿಸಿದ ವಲಯದಲ್ಲಿ 400 ಅಡಿಯವರೆಗೆ ಅನುಮತಿಯಿಲ್ಲದೆ ಹಾರಬಹುದು. ಹಳದಿ ಮತ್ತು ಕೆಂಪು ವಲಯಗಳಲ್ಲಿ ಅನುಮತಿಯಿಲ್ಲದೆ ಹಾರುವಂತಿಲ್ಲ. ತಪ್ಪಿದವರಿಗೆ ಒಂದು ಲಕ್ಷ ರೂಪಾಯಿಯವರೆಗೆ ದಂಡವುಂಟು. ನಕ್ಷೆಯಲ್ಲಿ ಹಸಿರಾಗಿ ಕಂಡ ಮಾತ್ರಕ್ಕೆ ಎಲ್ಲವೂ ಮುಗಿಯಲಿಲ್ಲ. ಪಶ್ಚಿಮವಾಹಿನಿಯಿಂದ ಕೆಲವೇ ಕಿಲೋಮೀಟರ್ ಮೇಲೆ ರಂಗನತಿಟ್ಟಿನ ಪಕ್ಷಿಧಾಮವಿದೆ. ಪಕ್ಷಿತಜ್ಞ ಸಲೀಂ ಅಲಿಯವರ ಸಲಹೆಯಂತೆ 1940ರಲ್ಲಿ ರಕ್ಷಿತವಾದ, 2022ರಲ್ಲಿ ಜೌಗುಭೂಮಿಗಳಿಗೆ ಸಲ್ಲುವ ರಾಮ್ಸರ್ ಮನ್ನಣೆ ಪಡೆದ ಆ ನಡುಗಡ್ಡೆಗಳಲ್ಲಿ ಕೊಕ್ಕರೆಗಳೂ ಚಮಚಕೊಕ್ಕುಗಳೂ ಗೂಡುಕಟ್ಟಿ ಮರಿ ಮಾಡುತ್ತವೆ. ಸತ್ತವರ ಹೆಸರಿನಲ್ಲಿ ಹಾರಿದ ಯಂತ್ರವೊಂದರ ಮೊರೆತಕ್ಕೆ ತಾಯಿಹಕ್ಕಿ ಬೆದರಿ ಮರಿಯನ್ನು ಬಿಟ್ಟೇಳುವಂತಾದರೆ ಆ ವಿಸರ್ಜನೆಯಿಂದ ಯಾರಿಗೆ ಸದ್ಗತಿ? ತಲಕಾವೇರಿಯ ಬೆಟ್ಟಗಳೂ, ಮೇಕೆದಾಟಿನ ಕಡೆಯ ಕಾವೇರಿಯ ಕಾಡೂ ವನ್ಯಧಾಮಗಳೇ. ಅಲ್ಲಿ ಅರಣ್ಯ ಇಲಾಖೆಯ ಅಪ್ಪಣೆಯಿಲ್ಲದೆ ಹಾರಿಸತಕ್ಕದ್ದಲ್ಲ.

ನೆಲಕ್ಕೂ ಒಂದು ಸಹನೆಯ ಮಿತಿಯಿದೆ. ಸುಟ್ಟ ಮೂಳೆಯೆಂದರೆ ಬಹುಪಾಲು ಕ್ಯಾಲ್ಸಿಯಂ ಫಾಸ್ಫೇಟ್, ಕ್ಷಾರಗುಣವುಳ್ಳದ್ದು, ಲವಣಾಂಶವುಳ್ಳದ್ದು. ಹೊಲಕ್ಕೆ ಬಿದ್ದರೆ ಅದರಿಂದ ಕೆಡುಕಿಲ್ಲ. ಆದರೆ ಎತ್ತರದ ಪರ್ವತಶಿಖರಗಳ ಬಡಮಣ್ಣಿನಲ್ಲಿ ಬೆಳೆಯುವ ಸಸ್ಯಗಳು ಆ ಬಡತನಕ್ಕೇ ಹೊಂದಿಕೊಂಡವು. ಸ್ಕಾಟ್ಲೆಂಡಿನ ಬೆನ್ ನೆವಿಸ್ ಮೊದಲಾದ ಶಿಖರಗಳ ಮೇಲೆ ಭಸ್ಮವನ್ನು ಚೆಲ್ಲುವವರು ಹೆಚ್ಚಿ, ಫಾಸ್ಫೇಟಿನಿಂದ ಮಣ್ಣಿನ ಗುಣವೇ ಬದಲಾಗುವ ಭಯ ಉಂಟಾದುದರಿಂದ, 2006ರಲ್ಲಿ ಅಲ್ಲಿನ ಪರ್ವತಾರೋಹಿಗಳ ಸಂಸ್ಥೆ ಜನಪ್ರಿಯ ಶಿಖರಗಳನ್ನು ಬಿಟ್ಟು ಬೇರೆಡೆ ಹೋಗಿರೆಂದು ಜನರನ್ನು ಬೇಡಿಕೊಂಡಿತು. ಇಂಗ್ಲೆಂಡಿನ ಚಾಟನ್ನಿನಲ್ಲಿರುವ, ಕಾದಂಬರಿಕಾರ್ತಿ ಜೇನ್ ಆಸ್ಟೆನ್ನಳ ಮನೆಯನ್ನು ನೋಡಿಕೊಳ್ಳುವವರು ತಮ್ಮ ತೋಟದಲ್ಲಿ ಅಭಿಮಾನಿಗಳ ಭಸ್ಮ ಸುರಿಯಬೇಡಿರೆಂದು 2008ರಲ್ಲಿ ಕೋರಬೇಕಾಯಿತು. ಕಾಲ್ನಡಿಗೆಯಲ್ಲಿ ಹೋಗುವವರಿಂದಲೇ ಇಷ್ಟಾದರೆ, ಹತ್ತುವ ಶ್ರಮವಿಲ್ಲದೆ ಯಂತ್ರದಿಂದ ಚೆಲ್ಲುವ ದಿನ ಶಿಖರಗಳ ಪಾಡೇನೆಂಬುದನ್ನು ಯೋಚಿಸಬೇಕು.

ನಂಬಿಕೆಯ ಪ್ರಶ್ನೆಯೂ ಇದೆ. ಕ್ಯಾಲಿಫೋರ್ನಿಯದಲ್ಲಿ, ವಿಮಾನದಿಂದ ಭಸ್ಮವನ್ನು ಚೆಲ್ಲಿಕೊಡುವುದಾಗಿ ಹಣ ಪಡೆದ ಪೈಲಟ್ ಒಬ್ಬ ಹಾಗೆ ಮಾಡದೆ ಸಾವಿರಾರು ಮಂದಿಯ ಭಸ್ಮವನ್ನು ಉಗ್ರಾಣದಲ್ಲಿ ತುಂಬಿಟ್ಟಿದ್ದುದು 1997ರಲ್ಲಿ ಬಯಲಾಯಿತು. ತಮ್ಮವರು ಸಿಯೆರಾ ಪರ್ವತಗಳಲ್ಲಿಯೋ ಸಾಗರದಲ್ಲಿಯೋ ಲೀನವಾದರೆಂದು ವರ್ಷಗಟ್ಟಲೆ ಸಮಾಧಾನಪಟ್ಟಿದ್ದ ಕುಟುಂಬಗಳು ಆ ಸುದ್ದಿಯನ್ನು ಕೇಳಿದಾಗ ಎರಡನೆಯ ಬಾರಿ ಅನುಭವಿಸಿದ ದುಃಖವನ್ನು ಊಹಿಸಬಹುದು. ಮನೆಯವರು ಕಾಣದಲ್ಲಿ, ಪರರ ಕೈಯಿಂದ, ಹಣಕ್ಕಾಗಿ ನಡೆಯುವ ವಿಸರ್ಜನೆಯಲ್ಲಿ ಈ ಅಪಾಯ ಯಾವಾಗಲೂ ಉಂಟು. ಡ್ರೋನಿನ ಪರವಾಗಿ ಹೇಳತಕ್ಕ ಬಲವಾದ ಮಾತು ಇದೇ: ಅದು ಕಣ್ಣೆದುರಿಗೇ ಏರುತ್ತದೆ, ಕಣ್ಣೆದುರಿಗೇ ಬರಿದಾಗುತ್ತದೆ, ಬರಿದಾದ ಪಾತ್ರೆಯೊಡನೆ ಕಾಲಬಳಿಗೇ ಬಂದಿಳಿಯುತ್ತದೆ.

ಈ ಯಂತ್ರದಿಂದ ನಿಜವಾದ ಉಪಕಾರ ಆಗುವುದು ಯಾರಿಗೆಂದು ಕೇಳಿದರೆ, ಮೆಟ್ಟಿಲಿಳಿಯಲಾರದವರಿಗೆ ಎನ್ನುವೆನು. ಗಾಲಿಕುರ್ಚಿಯಲ್ಲಿ ಕುಳಿತ ಅಜ್ಜಿಯೊಬ್ಬಳು, ಅರುವತ್ತು ವರ್ಷ ಜೊತೆಯಲ್ಲಿ ಬಾಳಿದ ಗಂಡನ ಭಸ್ಮವನ್ನು ಮಗ ನೀರಿಗೆ ಬಿಡುವಾಗ, ರಸ್ತೆಯ ಬದಿಯಲ್ಲಿ ಕಾರಿನೊಳಗೇ ಕಾದು ಕುಳಿತಿರಬೇಕಾಗುತ್ತದೆ. ಹೊಳೆಯ ಬಳಿಯಲ್ಲಿ ಇಂಥವರು ಎಷ್ಟೋ ಮಂದಿ. ಅವಳ ಮಡಿಲಿನಲ್ಲಿ ನಿಯಂತ್ರಕವನ್ನಿಟ್ಟು, ಎಲ್ಲಿ ಒತ್ತಬೇಕೆಂದು ಮೊಮ್ಮಗ ತೋರಿಸಿಕೊಟ್ಟು, ಅವಳ ಬೆರಳೇ ಆ ಮುಚ್ಚಳವನ್ನು ತೆರೆಯುವಂತಾದರೆ, ಅದನ್ನು ಯಂತ್ರದ ಕೆಲಸವೆನ್ನಲಾಗದು. ತದ್ವಿರುದ್ಧವಾಗಿ, ಮನೆಯವರೆಲ್ಲರೂ ದೂರದಲ್ಲಿ ಕುಳಿತು, ಗುತ್ತಿಗೆದಾರನೊಬ್ಬನು ಸಂಗೀತ ಸೇರಿಸಿ ಕಳುಹಿದ ವಿಡಿಯೊವನ್ನು ನೋಡಿ ಮುಗಿಸುವುದಾದರೆ, ಅದು ಪೆಟ್ಟಿಗೆಯನ್ನು ಅಂಚೆಗೆ ಹಾಕಿದ ಹಾಗಾಯಿತೇ ಹೊರತು ವಿಸರ್ಜನೆಯಾಗಲಿಲ್ಲ. ಕೊನೆಯ ಕ್ಷಣದಲ್ಲಿ ಬಿಡುವ ಕೈ ಯಾರದು? ಅಪಚಾರವೋ ಉಪಚಾರವೋ ಎಂಬುದು ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ. 2021ರ ಜೂನ್ ಮೊದಲಲ್ಲಿ, ಕೋವಿಡಿನಿಂದ ಮಡಿದು, ಬಂಧುಗಳು ಬಾರದೆ ಬೆಂಗಳೂರಿನ ಚಿತಾಗಾರಗಳಲ್ಲಿ ಉಳಿದಿದ್ದ ಐನೂರಕ್ಕೂ ಹೆಚ್ಚು ಮಂದಿಯ ಅಸ್ಥಿಯನ್ನು ಮಳವಳ್ಳಿ ತಾಲ್ಲೂಕಿನ ಬೆಳಕವಾಡಿಯ ಬಳಿ ಕಾವೇರಿಯಲ್ಲಿ ರಾಜ್ಯದ ಸಚಿವರೊಬ್ಬರು ಪೂಜೆ ಸಲ್ಲಿಸಿ ವಿಸರ್ಜಿಸಿದ್ದನ್ನು ಓದುಗರು ಮರೆತಿರಲಾರರು. ಹೆಸರು ಹಿಡಿದು ಕರೆಯುವವರಿಲ್ಲದ ಆ ಮಡಕೆಗಳಿಗೂ ಯಾರಾದರೊಬ್ಬರ ಕೈ ಬೇಕೆಂದು ನಮ್ಮ ಜನಕ್ಕೆ ತೋರಿತು. ಅಷ್ಟು ಆಳವಾದದ್ದು ಆ ಭಾವನೆ.

ಪರದೇಶದಲ್ಲಿ ನೆಲೆಸಿದ ಕನ್ನಡಿಗರಿಗೆ ಈ ವಿಷಯ ಮತ್ತಷ್ಟು ಹತ್ತಿರದ್ದು. ಅಲ್ಲಿ ತೀರಿಕೊಂಡವರ ಭಸ್ಮವನ್ನು ಊರಿಗೆ ತರಬೇಕಾದರೆ ಮರಣ ಪ್ರಮಾಣಪತ್ರ, ದಹನ ಪ್ರಮಾಣಪತ್ರ, ಭಾರತೀಯ ದೂತಾವಾಸದ ನಿರಾಕ್ಷೇಪಣಾ ಪತ್ರ ಇವುಗಳನ್ನು ಹೊಂದಿಸಿಕೊಂಡು, ವಿಮಾನನಿಲ್ದಾಣದ ಎಕ್ಸ್-ರೇ ತಪಾಸಣೆಯಲ್ಲಿ ಒಳಗಿನದು ಕಾಣುವಂಥ ಪೆಟ್ಟಿಗೆಯಲ್ಲಿ ತರಬೇಕು. ಎಲ್ಲರಿಗೂ ಇದು ಒದಗುವುದಿಲ್ಲ. ಇಂಗ್ಲೆಂಡಿನ ಲೆಸ್ಟರ್‌ಶೈರಿನಲ್ಲಿ ಹಿಂದೂಗಳೂ ಸಿಖ್ಖರೂ ಸೋರ್ ನದಿಯಲ್ಲಿ ದೋಣಿಯಿಂದ ಭಸ್ಮವನ್ನು ಬಿಡುವ ಏರ್ಪಾಡು ಮಾಡಿಕೊಂಡಿರುವುದು ಈ ಕಾರಣದಿಂದಲೇ. ಮೂವತ್ತು ನಲವತ್ತು ವರ್ಷ ಬಾಳಿದ ನೆಲ ಪರನೆಲವಾಗಿ ಉಳಿಯುವುದಿಲ್ಲ; ಬೂದಿಯ ಒಂದು ಪಾಲು ಆ ನೆಲದ ಗುಡ್ಡದ ಮೇಲೆ ಗಾಳಿಯಿಂದಿಳಿದು, ಇನ್ನೊಂದು ಪಾಲು ಕಾವೇರಿಯನ್ನೋ ತುಂಗೆಯನ್ನೋ ಸೇರುವುದರಲ್ಲಿ ನನಗೆ ಯಾವ ವಿರೋಧವೂ ಕಾಣದು.

ಓದುಗರಲ್ಲಿ ನನ್ನದೊಂದು ಬಿನ್ನಹವಿದೆ. ಆಸ್ತಿಯ ಹಂಚಿಕೆಯನ್ನು ಬರೆದಿಡುವ ನಾವು ಭಸ್ಮದ ಹಂಚಿಕೆಯನ್ನು ಬರೆದಿಡುವುದಿಲ್ಲ. ಅಮಂಗಳವೆಂದು ಬಾಯಿ ಮುಚ್ಚಿಕೊಂಡು, ಹತ್ತು ದಿನದ ಸೂತಕದಲ್ಲಿ, ನಿದ್ದೆಗೆಟ್ಟ ಮಕ್ಕಳು ಪರಸ್ಪರ ವಾದಿಸಿ ತೀರ್ಮಾನಿಸಲೆಂದು ಬಿಟ್ಟುಹೋಗುತ್ತೇವೆ. ನೀರೇ ಸಾಕೆಂದಿದ್ದರೆ ಹಾಗೆಂದು ಬರೆಯಿರಿ. ಗಾಳಿಗೂ ಒಂದು ಪಾಲು ಸಲ್ಲಲೆಂಬ ಆಸೆಯಿದ್ದರೆ, ಯಾವ ಗುಡ್ಡ, ಆ ನೆಲ ಯಾರದು, ಯಾರ ಅಪ್ಪಣೆ ಬೇಕು, ಗುಂಡಿಯನ್ನು ಒತ್ತಬೇಕಾದವರು ಯಾರು ಎಂಬುದನ್ನು ಒಂದು ಹಾಳೆಯಲ್ಲಿ ಬರೆದು, ದಿನಾಂಕ ಹಾಕಿ, ರುಜುಮಾಡಿ, ಮನೆಯವರಿಗೆ ಓದಿ ಹೇಳಿ ಇಡಿರಿ.